ಶಿವರಾತ್ರಿಯಿಂದ ಯುಗಾದಿವರೆಗಿನ ಕಾಡುಹೂಗಳು: ಬೇಲಿ, ಬೆಟ್ಟ, ಕೆರೆ ಅಂಗಳದಲ್ಲಿ ಕಂಡಿದ್ದನ್ನು ಗುರುತು ಹಿಡಿಯೋದು ಹೇಗೆ?

ಬೇಲಿಸಾಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕರೆಂಟ್ ಮೀಟರ್ ಓದುವ ಕೆಲಸದವನು. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರು ಕಡೆಗಿರುವ ಒಂದಿಷ್ಟು ಹಳ್ಳಿಗಳು ನನ್ನ ಪಾಲಿಗೆ ಬಂದಿವೆ. ತಿಂಗಳ ಮೊದಲ ವಾರ ಬಂತು ಅಂದರೆ ಅದೇ ರಸ್ತೆ, ಅದೇ ತೋಟದ ದಾರಿ, ಅದೇ ನಾಯಿಗಳು. ಗಾಡಿ ನಿಧಾನ ಓಡಿಸುವ ಅಭ್ಯಾಸ ನನಗೆ. ಹಾಗಾಗಿ ಬೇಲಿಯಲ್ಲಿ ಏನು ಚಿಗುರಿದೆ, ಏನು ಹೂ ಬಿಟ್ಟಿದೆ ಅನ್ನೋದು ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಮಳೆಗಾಲದ ಹೂಗಳ ಬಗ್ಗೆ ನನಗೆ ಚಿಂತೆ ಇಲ್ಲ. ತುಂಬೆ, ತಂಗಡಿ, ವಿಷ್ಣುಕ್ರಾಂತಿ ಎಲ್ಲ ನಮ್ಮಜ್ಜಿ ಹೇಳಿಕೊಟ್ಟವು. ನನ್ನ ತಲೆ ತಿನ್ನುತ್ತಿರುವುದು ಈಗಿನವು. ಶಿವರಾತ್ರಿ ಕಳೆದು ಹುಲ್ಲು ಒಣಗಿ, ಬೋರ್‌ವೆಲ್ ನೀರು ಕಮ್ಮಿಯಾಗಿ, ಜನ ನೆರಳು ಹುಡುಕುವ ಹೊತ್ತಿಗೆ ಇವು ಹೂ ಬಿಡುತ್ತವಲ್ಲ, ಅವು.

ಮೊದಲನೆಯದು ಕೆಂಪು ಮರಗಳ ವಿಷಯ. ನನ್ನ ದಾರಿಯಲ್ಲಿ ಮೂರು ಕಡೆ ಎಲೆಯೇ ಇಲ್ಲದ ಮರಗಳು ಕೆಂಪು, ಕೇಸರಿ ಬಣ್ಣದಲ್ಲಿ ಹೂ ಬಿಟ್ಟಿವೆ. ಒಂದು ಹೊಲದ ಬದುವಿನಲ್ಲಿ, ಒಂದು ವೀಳ್ಯದೆಲೆ ತೋಟದ ಬೇಲಿಯಲ್ಲಿ, ಒಂದು ಶಾಲೆಯ ಹಿಂದೆ. ಟೀ ಅಂಗಡಿ ಹುಡುಗ ಮೂರಕ್ಕೂ ಮುತ್ತುಗ ಅಂದ. ನನಗೆ ಹಾಗೆ ಕಾಣಲಿಲ್ಲ. ಫೋನಿನ ಆ್ಯಪ್‌ಗೆ ತೋರಿಸಿದರೆ ಒಂದೇ ಮರಕ್ಕೆ ಬೆಳಗ್ಗೆ ಒಂದು ಹೆಸರು, ಸಂಜೆ ಇನ್ನೊಂದು.

ಇನ್ನು ಬಂಡೆಗಳ ಗುಡ್ಡದ ಮೇಲೆ ಒಂದು ಮರ. ಅದಕ್ಕೂ ಎಲೆ ಇಲ್ಲ. ಗಟ್ಟಿ ಹಳದಿ ಹೂ, ಅಂಗೈ ಅಗಲ. ರಸ್ತೆಯಿಂದಲೇ ಕಾಣುತ್ತದೆ. ಹತ್ತಿರ ಹೋಗಿ ಬಿದ್ದಿದ್ದ ಒಂದು ಹೂ ತಂದೆ, ಮನೆಗೆ ಬರುವಷ್ಟರಲ್ಲಿ ಮುದುಡಿ ಹೋಗಿತ್ತು.

ಬೇಲಿಯಲ್ಲಿ ಬಿಳಿ ಹೂವಿನವು ಎರಡು ಇವೆ. ಒಂದು ಮುಳ್ಳಿನ ಪೊದೆ, ಘಮ ಅಂತದೆ. ಇನ್ನೊಂದು ಸಣ್ಣ ಮರ. ಎರಡರ ಎಲೆ ಮುರಿದರೂ ಹಾಲು ಬರುತ್ತದೆ. ಎರಡೂ ಒಂದೇ ಜಾತಿಯಾ?

ಕೊನೆಗೆ ಕೆರೆ. ನಮ್ಮ ಕಡೆ ಕೆರೆಯಲ್ಲಿ ನೀರು ಇಳಿದಿದೆ. ಅಂಗಳದ ಕೆಸರು ಒಣಗಿ ಬಿರುಕು ಬಿಟ್ಟಿದೆ. ಅಲ್ಲಿ ಮೊಣಕಾಲಿಗಿಂತ ಕೆಳಗಿರುವ ಒಂದು ಗಿಡ, ತುದಿಯಲ್ಲಿ ನೇರಳೆ ಗುಲಾಬಿ ಬಣ್ಣದ ಉಂಡೆ. ಕೈಯಲ್ಲಿ ಉಜ್ಜಿದರೆ ಘಾಟು. ಕುರಿ ಅದನ್ನು ಬಿಟ್ಟು ಪಕ್ಕದ್ದನ್ನು ಮೇಯುತ್ತಿತ್ತು.

ಫೋಟೋ ಹೇಗೆ ತೆಗೆದರೆ ನಿಮಗೆ ಗುರುತು ಹಿಡಿಯೋಕೆ ಅನುಕೂಲ ಅಂತಲೂ ಹೇಳಿ. ನಾನು ಇಲ್ಲಿವರೆಗೆ ಹೂವನ್ನು ಮಾತ್ರ ತೆಗೆಯುತ್ತಿದ್ದೆ, ಹತ್ತಿರದಿಂದ.

---

ಮರದಡಿ ಉತ್ತರ:

ಒಳ್ಳೆಯ ಪ್ರಶ್ನೆ. ಇಲ್ಲಿ ಬರುವ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದು ಮಸುಕು ಫೋಟೋ, ಕೆಳಗೆ "ಇದೇನು?" ಅಷ್ಟೇ. ನೀವು ಎಲ್ಲಿ, ಯಾವಾಗ, ಎಲೆ ಇದೆಯಾ, ಹಾಲು ಬರುತ್ತದಾ ಅಂತ ಎಲ್ಲ ಬರೆದಿದ್ದೀರಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಮೊದಲು ಒಂದು ಮಾತು. ನಮ್ಮ ಬಯಲುಸೀಮೆಯಲ್ಲಿ ವಸಂತದ ಹೂ ಅಂದರೆ ಮರದ ಹೂ, ಪೊದೆಯ ಹೂ. ಕ್ಯಾಲೆಂಡರಿನ ಚಿತ್ರ ನೋಡಿ ಜನ ಹುಲ್ಲುಗಾವಲಿನ ತುಂಬಾ ಹೂ ಹುಡುಕುತ್ತಾರೆ. ಆ ದೃಶ್ಯ ಬೇಕಾದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬನ್ನಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೆಲದಲ್ಲಿ ತೇವ ಇರುವುದಿಲ್ಲ, ಸಣ್ಣ ಗಿಡ ಬದುಕೋದು ಕಷ್ಟ. ಆಳಕ್ಕೆ ಬೇರು ಬಿಟ್ಟ ಮರಕ್ಕೆ ಆ ತೊಂದರೆ ಇಲ್ಲ. ಅದು ಎಲೆ ಉದುರಿಸಿ ನೀರು ಉಳಿಸಿಕೊಳ್ಳುತ್ತದೆ, ಆ ಹೊತ್ತಿಗೇ ಹೂ ಬಿಡುತ್ತದೆ. ಎಲೆ ಅಡ್ಡ ಇಲ್ಲದ ಕಾರಣ ಹಕ್ಕಿಗೆ ದೂರದಿಂದಲೇ ಹೂ ಕಾಣುತ್ತದೆ. ಈಗ ಹೂ ಬಿಟ್ಟರೆ ಬೀಜ ಮುಂಗಾರಿನ ಹೊತ್ತಿಗೆ ಸಿದ್ಧ. ಹಾಗಾಗಿ ಈ ತಿಂಗಳುಗಳಲ್ಲಿ ಕತ್ತು ಎತ್ತಿ ನಡೆಯಿರಿ. ಗಾಡಿ ಮೇಲಿದ್ದಾಗ ಬೇಡ.

ಈಗ ನಿಮ್ಮ ಮೂರು ಮರ. ಫೋಟೋ ನೋಡಿದೆ. ಮೂರೂ ಬೇರೆ ಬೇರೆ. ನಿಮ್ಮ ಅನುಮಾನ ಸರಿ. ಬಣ್ಣವನ್ನು ಮರೆತುಬಿಡಿ. ಈ ಕಾಲದಲ್ಲಿ ಕೆಂಪು ಬಣ್ಣ ಹಕ್ಕಿಗಳನ್ನು ಕರೆಯುವ ಮರಗಳೆಲ್ಲ ಹಾಕಿಕೊಳ್ಳುವ ಅಂಗಿ. ಅದರಿಂದ ಜಾತಿ ಗೊತ್ತಾಗುವುದಿಲ್ಲ.

ಬದುವಿನ ಮರ ಮುತ್ತುಗ. ಹೂವಿನ ಮುಂಭಾಗಕ್ಕಿಂತ ಹಿಂಭಾಗ ನೋಡಿ. ತೊಟ್ಟಿಗೆ ಅಂಟಿಕೊಂಡ ಬಟ್ಟಲು ಕಪ್ಪು ಕಂದು ಬಣ್ಣ, ಮುಟ್ಟಿದರೆ ಮಖಮಲ್ಲು. ಆ ಕಪ್ಪಿನ ಮುಂದೆ ಕೇಸರಿ ಎದ್ದು ಕಾಣುತ್ತದೆ. ಎಸಳಿನ ಹೊರಮೈಯಲ್ಲಿ ಬೆಳ್ಳಿ ಬಣ್ಣದ ರೇಷ್ಮೆ ಕೂದಲು ಇರುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿದರೆ ಹೊಳೆಯುತ್ತದೆ. ಎಸಳು ಐದು. ಒಂದು ಅಗಲದ್ದು ಹಿಂದಕ್ಕೆ ಬಾಗಿದೆ, ಎರಡು ಪಕ್ಕದಲ್ಲಿ, ಉಳಿದೆರಡು ಕೂಡಿಕೊಂಡು ಬಾಗಿದ ಕೊಕ್ಕಾಗಿದೆ. ಆ ಕೊಕ್ಕನ್ನು ಉಗುರಿನಿಂದ ನಿಧಾನ ಬಿಡಿಸಿ. ಒಳಗೆ ಹತ್ತು ಕೇಸರ. ಒಂಬತ್ತು ಬುಡದಲ್ಲಿ ಒಂದಕ್ಕೊಂದು ಅಂಟಿವೆ, ಹತ್ತನೆಯದು ಒಂಟಿ. ಅವರೆ, ತೊಗರಿ ಹೂವನ್ನು ಬಿಡಿಸಿದರೂ ಇದೇ ಲೆಕ್ಕ ಸಿಗುತ್ತದೆ. ಎಲ್ಲ ಒಂದೇ ಕುಟುಂಬ ತಾನೆ.

ಮುತ್ತುಗದ ಎಲೆ ಹೇಗೂ ನಿಮಗೆ ಗೊತ್ತು, ಊಟದ ಎಲೆ ಹಚ್ಚುವುದು ಅದರಲ್ಲೇ. ಮೂರು ಎಲೆ ಒಂದು ತೊಟ್ಟಿಗೆ, ನಡುವಿನದು ದೊಡ್ಡದು. ಮರದಲ್ಲಿ ಎಲೆ ಇಲ್ಲದಿದ್ದರೆ ಬುಡದಲ್ಲಿ ಒಣಗಿ ಬಿದ್ದಿದ್ದನ್ನು ಹುಡುಕಿ. ಮೇ ತಿಂಗಳ ಹೊತ್ತಿಗೆ ಚಪ್ಪಟೆ ಕಾಯಿ ತೂಗುತ್ತಿರುತ್ತದೆ. ಕಾಯಿ ಎಷ್ಟು ಉದ್ದ ಇದ್ದರೂ ಬೀಜ ಒಂದೇ, ಅದೂ ತುದಿಯಲ್ಲಿ.

ವೀಳ್ಯದೆಲೆ ತೋಟದ ಬೇಲಿಯದ್ದು ಹಾಲುವಾಣ. ಇದಕ್ಕೂ ಮೂರೆಲೆ. ಟೀ ಅಂಗಡಿ ಹುಡುಗನ ಗೊಂದಲಕ್ಕೆ ಅದೇ ಕಾರಣ ಇರಬೇಕು. ಆದರೆ ಕೊಂಬೆ ನೋಡಿ, ಸಣ್ಣ ಚೂಪು ಮುಳ್ಳು. ಮುತ್ತುಗಕ್ಕೆ ಮುಳ್ಳೇ ಇಲ್ಲ. ಹೂ ಕೊಂಬೆಯ ತುದಿಯಲ್ಲಿ ಗೊಂಚಲು. ಒಂದೇ ಒಂದು ಎಸಳು ಉದ್ದ, ಉಳಿದವು ಗಿಡ್ಡ. ಕೇಸರಗಳು ಹೊರಗೆ ಚಾಚಿಕೊಂಡಿರುತ್ತವೆ. ಬಟ್ಟಲು ಒಂದು ಪಕ್ಕ ಸೀಳಿರುತ್ತದೆ. ಇದು ತೋಟದ ಬೇಲಿಯಲ್ಲಿ ಇರುವುದು ಆಕಸ್ಮಿಕ ಅಲ್ಲ. ಕೊಂಬೆ ನೆಟ್ಟರೆ ಬೇರು ಬಿಡುತ್ತದೆ, ವೀಳ್ಯದೆಲೆಗೆ, ಮೆಣಸಿಗೆ ಆಸರೆ ಕೊಡುತ್ತದೆ. ಅದಕ್ಕೇ ರೈತರು ನೆಡುತ್ತಾರೆ. ಗಿಡ ಎಲ್ಲಿ ನಿಂತಿದೆ, ಅದನ್ನು ಯಾರಾದರೂ ನೆಟ್ಟಿರಬಹುದಾ ಅನ್ನೋದೂ ಗುರುತಿನ ಭಾಗವೇ.

ಶಾಲೆಯ ಹಿಂದಿನದು ಬೂರುಗ. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಐದು ದಪ್ಪ, ತೊಗಲಿನಂತಹ ಎಸಳು, ನಡುವೆ ಕೇಸರಗಳ ಕಂತೆ. ಹೂ ಭಾರ, ಬಿದ್ದರೆ ಸದ್ದು ಕೇಳುತ್ತದೆ. ಎಳೆ ಕಾಂಡದ ಮೇಲೆ ಬುಡ ಅಗಲವಾದ, ತುದಿ ಚೂಪಾದ ದಪ್ಪ ಮುಳ್ಳು. ಬೆಳಗ್ಗೆ ಏಳು ಗಂಟೆಗೆ ಹೋಗಿ ನೋಡಿ. ಗೊರವಂಕ, ಕಾಗೆ, ಕಾಜಾಣ, ಪಿಕಳಾರ, ಅಳಿಲು ಎಲ್ಲ ಮಕರಂದಕ್ಕೆ ಸಾಲು ನಿಂತಿರುತ್ತವೆ. ಹಕ್ಕಿ ಗುರುತಿಸುವವರಿಗೂ ಈ ಮರ ಬಿಟ್ಟರೆ ಬೇರೆ ಜಾಗ ಬೇಡ. ಅಂದ ಹಾಗೆ ಬಿಸಿಬೇಳೆಬಾತ್ ಪುಡಿಗೆ ಹಾಕುವ ಮರಾಠಿ ಮೊಗ್ಗು ಈ ಬಳಗದ್ದೇ.

ಪೇಟೆಯಲ್ಲಿ ಇವಕ್ಕೆ ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ, ನೀರುಕಾಯಿ ಮರ. ಮೊಗ್ಗು ಹಿಚುಕಿದರೆ ನೀರು ಚಿಮ್ಮುತ್ತದಲ್ಲ, ಅದು. ಆಫ್ರಿಕಾದಿಂದ ತಂದು ನೆಟ್ಟದ್ದು. ಕಾಡುಹೂವಿನ ಲೆಕ್ಕಕ್ಕೆ ತಗೋಬೇಡಿ.

ಗುಡ್ಡದ ಹಳದಿ ಹೂ ಅರಿಶಿನ ಬೂರುಗ. ಕೊಕ್ಲೋಸ್ಪರ್ಮಮ್ ರಿಲಿಜಿಯೋಸಮ್ ಅಂತ ಅದರ ಸಸ್ಯಶಾಸ್ತ್ರದ ಹೆಸರು. ಹೆಸರಲ್ಲಿ ಬೂರುಗ ಇದ್ದರೂ ಕೆಂಪು ಬೂರುಗದ ನಂಟಲ್ಲ. ಕಾಯಿಯೊಳಗೆ ಹತ್ತಿ ಇರುವುದೊಂದೇ ಹೋಲಿಕೆ. ಕಾಂಡದಲ್ಲಿ ಮುಳ್ಳಿಲ್ಲ. ಬಿರುಕಿನಲ್ಲಿ ಒಂದಿಷ್ಟು ಮಣ್ಣಿದ್ದರೆ ಬಂಡೆ ಮೇಲೂ ಬದುಕುತ್ತದೆ. ಪೇಟೆಯಲ್ಲಿ ನೆಟ್ಟಿರುವ ಹಳದಿ ಟಬೆಬುಯಾ ಜೊತೆ ಇದನ್ನು ಕಲಸಿಕೊಳ್ಳುವವರು ಬಹಳ. ಬಿದ್ದ ಹೂ ಎತ್ತಿ ನೋಡಿ. ಟಬೆಬುಯಾದ್ದು ಇಡೀ ಕೊಳವೆ, ಎಸಳು ಬುಡದಲ್ಲಿ ಕೂಡಿಕೊಂಡಿರುತ್ತವೆ. ಅರಿಶಿನ ಬೂರುಗದ ಐದು ಎಸಳು ಬಿಡಿಬಿಡಿ.

ಫೋಟೋ ಬಗ್ಗೆ. ಹೂವಿನ ಮುಖ ಒಂದು, ಹೂವಿನ ಬೆನ್ನು ಒಂದು. ಎಲೆ ಕೊಂಬೆಗೆ ಸೇರುವ ಜಾಗ ಒಂದು, ಎಲೆಯ ಕೆಳಮೈ ಒಂದು. ಮರವಾದರೆ ತೊಗಟೆ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ಗಿಡ, ಸುತ್ತಲಿನ ನೆಲ ಸಮೇತ. ಅಳತೆಗೆ ಪಕ್ಕದಲ್ಲಿ ನಿಮ್ಮ ಪೆನ್ನು ಇಡಿ. ಆ್ಯಪ್ ತಡಬಡಿಸುವುದಕ್ಕೆ ಕಾರಣ ಅದಕ್ಕೆ ಹೂವಿನ ಮುಖ ಬಿಟ್ಟು ಬೇರೇನೂ ಸಿಗದಿರುವುದು. ಎಲೆ, ತೊಗಟೆ ಕೊಟ್ಟರೆ ಅದೂ ಸುಧಾರಿಸುತ್ತದೆ. ಅದು ಹೇಳಿದ ಹೆಸರನ್ನು ಭಾರತೀಯ ವಿಜ್ಞಾನ ಸಂಸ್ಥೆಯವರ ಕರ್ನಾಟಕ ಸಸ್ಯಗಳ ಡಿಜಿಟಲ್ ಸಂಗ್ರಹದಲ್ಲಿ ಹುಡುಕಿ. ಆ ಗಿಡ ನಮ್ಮ ರಾಜ್ಯದಲ್ಲೇ ಇಲ್ಲದಿದ್ದರೆ ಆ್ಯಪ್ ಮಾತು ಬಿಟ್ಟುಬಿಡಿ.

ಬಿಳಿ ಹೂ ಮತ್ತು ಕೆರೆ ಹೂ ಬೇರೆಯವರು ಹೇಳಲಿ. ನನಗೆ ಟೈಪ್ ಮಾಡಿ ಬೆರಳು ನೋಯುತ್ತಿದೆ.

---

ಘಟ್ಟದ ಕೆಳಗೆ ಉತ್ತರ:

ಮರದಡಿಯವರು ಬಿಳಿ ಹೂವನ್ನು ನಮಗೆ ಬಿಟ್ಟಿದ್ದಾರೆ. ಸಂತೋಷ. ನಾನು ಹೊನ್ನಾವರ ಕಡೆಯವಳು, ಬಿಳಿ ಹೂವೇ ನನಗೆ ಇಷ್ಟ.

ಮುಳ್ಳಿನ ಪೊದೆ ಕವಳಿ. ಕರಾವಳಿಯಲ್ಲೂ ಇದರ ನಂಟಿನದ್ದೇ ಇದೆ, ಎಳೆ ಕಾಯಿಯ ಉಪ್ಪಿನಕಾಯಿ ನಮ್ಮಲ್ಲಿ ಪ್ರತಿ ವರ್ಷ ಆಗಬೇಕು. ಗುರುತು ಸುಲಭ. ಎಲೆ ಎದುರುಬದುರು ಜೋಡಿ, ಸಣ್ಣದು, ದಪ್ಪ, ಹೊಳಪು. ಎಲೆಯ ಬುಡದಲ್ಲಿ ಮುಳ್ಳೂ ಜೋಡಿ. ಕೆಲವು ಮುಳ್ಳಿನ ತುದಿ ಎರಡಾಗಿ ಸೀಳಿರುತ್ತದೆ. ಹೂವಿಗೆ ಸಪೂರ ಕೊಳವೆ, ಹೊರಗಿನಿಂದ ನೋಡಿದರೆ ನಸುಗೆಂಪು. ಮೇಲೆ ಐದು ಬಿಳಿ ಎಸಳು. ಇದನ್ನು ಕಾಡುಮಲ್ಲಿಗೆ ಅಂದುಕೊಳ್ಳುವವರಿದ್ದಾರೆ. ಮಲ್ಲಿಗೆ ಎಲೆ ಮುರಿದರೆ ಹಾಲು ಬರುವುದಿಲ್ಲ, ಮುಳ್ಳೂ ಇಲ್ಲ. ನೀವು ಹಾಲು ಬಂತು ಅಂತ ಬರೆದ ಕೂಡಲೇ ಮಲ್ಲಿಗೆ ಪಟ್ಟಿಯಿಂದ ಹೊರಗೆ.

ಸಣ್ಣ ಮರ ಹಾಲೆ, ಅಂದರೆ ರೈಟಿಯಾ ಟಿಂಕ್ಟೋರಿಯ. ಚನ್ನಪಟ್ಟಣದ ಬೊಂಬೆ ಮಾಡುವುದು ಇದರ ಮರದಲ್ಲೇ. ಬಿಳಿ ಮರ, ಹಗುರ, ಕಡಚಲಿಗೆ ಚೆನ್ನಾಗಿ ಬರುತ್ತದೆ. ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಹೂವಿನ ನಡುವೆ ಎಳೆಎಳೆಯಾಗಿ ಕುಚ್ಚು ಕಾಣುತ್ತಿದೆ. ಆ ಕುಚ್ಚೇ ಗುರುತು. ಅದರ ನಡುವಿನಿಂದ ಕೇಸರಗಳು ಮೊನಚಾಗಿ ಹೊರಗೆ ಬಂದಿವೆ. ಇದರ ಜೊತೆ ಗೊಂದಲ ಆಗುವುದು ಕೊಡಸಿಗೆ. ಅದರದ್ದೂ ಬಿಳಿ ಹೂ, ಹಾಲು ಬರುವ ಎಲೆ, ಜೋಡಿ ಕಾಯಿ. ಆದರೆ ಕೊಡಸಿಗೆ ಹೂವಿಗೆ ಕುಚ್ಚಿಲ್ಲ, ಕೇಸರ ಕೊಳವೆಯೊಳಗೇ ಅಡಗಿರುತ್ತದೆ. ಎಲೆಯೂ ಅಗಲ. ಕಾಯಿ ಬಂದ ಮೇಲೆ ಇನ್ನೂ ಸುಲಭ. ಹಾಲೆಯ ಎಳೆ ಕಾಯಿಗಳ ತುದಿ ಒಂದಕ್ಕೊಂದು ಅಂಟಿ ಬಳೆಯಾಕಾರ ಆಗಿರುತ್ತದೆ. ಕೊಡಸಿಗೆಯ ಎರಡು ಕಾಯಿ ಬೇರೆಬೇರೆ ತೂಗುತ್ತವೆ.

ಕೊಡಸಿಗೆ ಹೂವನ್ನು ನಾವು ಒಣಗಿಸಿಟ್ಟು ಮಳೆಗಾಲದಲ್ಲಿ ತಂಬುಳಿ ಮಾಡುತ್ತೇವೆ. ಹುರಿದು ತೆಂಗಿನಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕೋದು. ಇದನ್ನು ಓದಿ ಯಾರೂ ಫೋಟೋ ನೋಡಿಕೊಂಡು ಹೂ ಕೊಯ್ದು ಅಡುಗೆ ಮಾಡಬೇಡಿ. ಹಾಲು ಬರುವ ಈ ಕುಟುಂಬದಲ್ಲೇ ಕಣಗಿಲೆಯೂ ಇದೆ, ಅದು ವಿಷ. ತಿನ್ನುವ ಗಿಡವನ್ನು ಮನೆಯ ಹಿರಿಯರು ಕೈಹಿಡಿದು ತೋರಿಸಬೇಕು, ಫೋನ್ ಅಲ್ಲ.

ಮರದಡಿಯವರ ಒಂದು ಮಾತಿಗೆ ಸಣ್ಣ ತಕರಾರು. ಎಲೆ ಉದುರಿಸಿ ಹೂ ಬಿಡುವುದು ಅವರ ಕಡೆಯ ಕಥೆ. ನಮ್ಮ ಕಡೆ ವಸಂತದಲ್ಲೂ ಕಾಡು ಹಸಿರೇ. ಇಲ್ಲಿ ಕತ್ತು ಎತ್ತಿದರೆ ಎಲೆ ಮಾತ್ರ ಕಾಣುತ್ತದೆ. ಮೊದಲು ಮೂಗು, ಆಮೇಲೆ ಕಣ್ಣು. ಸುರಗಿ ಹೂ ಬಿಟ್ಟಾಗ ದಾರಿಯಲ್ಲಿ ಹೋಗುವವರಿಗೆ ಘಮ ಬರುತ್ತದೆ, ಮರ ಯಾವುದು ಅಂತ ತಿಳಿಯುವುದಿಲ್ಲ. ಏಕೆಂದರೆ ಹೂ ಕೊಂಬೆಯ ತುದಿಯಲ್ಲಿ ಇರುವುದಿಲ್ಲ. ಎಲೆಗಳ ಹಿಂದೆ, ಬಲಿತ ಕೊಂಬೆಗೆ ಅಂಟಿಕೊಂಡು ಗುಂಪುಗುಂಪಾಗಿ ಇರುತ್ತದೆ. ದುಂಡು ಮೊಗ್ಗು, ಬಿಳಿ ಎಸಳು, ನಡುವೆ ಹಳದಿ ಕೇಸರ ತುಂಬಿರುತ್ತದೆ. ಅರಳುವ ಮುಂಚೆ ಕೊಯ್ದು ಮಾಲೆ ಕಟ್ಟುತ್ತಾರೆ. ಒಣಗಿದರೂ ಪರಿಮಳ ಹೋಗುವುದಿಲ್ಲ. ನಮ್ಮಮ್ಮನ ಸೀರೆ ಪೆಟ್ಟಿಗೆಯಲ್ಲಿ ಹಳೇ ಮಾಲೆ ಈಗಲೂ ಇದೆ.

ಸೀತಾ ಅಶೋಕವೂ ಈಗಲೇ. ಹಳ್ಳದ ಬದಿಯಲ್ಲಿ ನೋಡಿ. ಕಿತ್ತಳೆ ಬಣ್ಣದ ಗೊಂಚಲು, ದಿನ ಕಳೆದಂತೆ ಕೆಂಪಾಗುತ್ತದೆ. ತಮಾಷೆ ಅಂದರೆ ಆ ಹೂವಿಗೆ ಎಸಳೇ ಇಲ್ಲ. ಬಣ್ಣ ಬಂದಿರುವುದು ಎಸಳಿನ ಹೊರಗಿರಬೇಕಾದ ಪುಷ್ಪಪಾತ್ರೆಗೆ. ಬೆಂಗಳೂರಿನ ಕಾಂಪೌಂಡುಗಳಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರಕ್ಕೂ ಅಶೋಕ ಅಂತಾರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

---

ರಾಜಧಾನಿ ರಸ್ತೆ ಉತ್ತರ:

ನಾನು ಇದುವರೆಗೆ ಬೆಂಗಳೂರಿನ ಗುಲಾಬಿ ಟಬೆಬುಯಾವನ್ನೇ ಕಾಡುಹೂ ಪಟ್ಟಿಯಲ್ಲಿ ಮೊದಲು ಬರೆದಿದ್ದೆನಲ್ಲಾ! ಜಕರಾಂಡನೂ ಹೊರಗೇನಾ?

---

ಮರದಡಿ ಉತ್ತರ:

ಎರಡೂ ದಕ್ಷಿಣ ಅಮೆರಿಕ, ಮಧ್ಯ ಅಮೆರಿಕ ಕಡೆಯಿಂದ ಬಂದು ರಸ್ತೆ ಬದಿಗೆ ನೆಟ್ಟವು. ನೋಡಿ ಖುಷಿಪಡಿ, ಬೇರೆ ಪುಟದಲ್ಲಿ ಬರೆಯಿರಿ. ಊರಿಗೆ ಹೋದಾಗ ತೆಂಗಿನ ತೋಟದ ಬೇಲಿಯಲ್ಲಿ ಎಲೆಯಿಲ್ಲದ ಉದ್ದ ಕೊಂಬೆಗಳ ಪೂರ್ತಿ ಗುಲಾಬಿ ಹೂ ಕಂಡರೆ ಅದೂ ಹೊರಗಿನದೇ. ಗ್ಲಿರಿಸಿಡಿಯ, ಗೊಬ್ಬರದ ಗಿಡ. ಲಂಟಾನವೂ ಅಷ್ಟೇ, ಆದರೆ ಅದು ಯಾರೂ ನೆಡದೆ ಕಾಡು ತುಂಬಿದೆ. ಅದರ ಗೊಂಚಲಿನಲ್ಲಿ ನಡುವಿನ ಹೂ ಹಳದಿ, ಅಂಚಿನ ಹೂ ಗುಲಾಬಿ ಇರುತ್ತದಲ್ಲ, ಅಂಚಿನವು ಹಳೆಯವು. ಬಣ್ಣ ನಂಬಬೇಡಿ ಅಂದಿದ್ದು ಇದಕ್ಕೂ ಸೇರಿಸಿಯೇ.

---

ಕೆರೆಕೋಡಿ ಉತ್ತರ:

ಕೆರೆ ಹೂ ನನ್ನದು. ನಾನು ಕುರಿ ಸಾಕುವ ಮನೆಯವನು, ಆ ಗಿಡ ಕುರಿ ಏಕೆ ಬಿಟ್ಟಿತು ಅಂತ ಚೆನ್ನಾಗಿ ಗೊತ್ತು. ಅದು ಮುಂಡಿ, ಗೋರಖಮುಂಡಿ ಅಂತ ಗಂಧಿಗೆ ಅಂಗಡಿಯಲ್ಲಿ ಕೇಳಿದರೆ ಒಣಗಿಸಿದ್ದು ಸಿಗುತ್ತದೆ. ಸ್ಫೆರಾಂಥಸ್ ಇಂಡಿಕಸ್. ಕೊಯ್ಲಾದ ಗದ್ದೆ, ನೀರಿಳಿದ ಕೆರೆ ಅಂಗಳ, ಇವೇ ಅದರ ಜಾಗ.

ಉಂಡೆ ನೋಡಿ ಮುಟ್ಟಿದರೆ ಮುನಿ ಅಂತ ಹೇಳುವವರಿದ್ದಾರೆ. ಕಾಂಡ ನೋಡಿದರೆ ಮುಗಿಯಿತು. ಮುಂಡಿಯ ಕಾಂಡ ದುಂಡಗಿಲ್ಲ. ಎಲೆ ಬುಡದಿಂದ ಕೆಳಕ್ಕೆ ಇಳಿದು ಕಾಂಡದ ಉದ್ದಕ್ಕೂ ರೆಕ್ಕೆಯಾಗಿ ಅಂಟಿಕೊಂಡಿರುತ್ತದೆ. ಆ ರೆಕ್ಕೆಯ ಅಂಚಿಗೆ ಸಣ್ಣ ಹಲ್ಲು. ಬೆರಳಿನಲ್ಲಿ ಕೆಳಗಿನಿಂದ ಮೇಲೆ ಸವರಿ, ತಿಳಿಯುತ್ತದೆ. ಸವರಿದ ಮೇಲೆ ಕೈಗೆ ಅಂಟುತ್ತದೆ, ವಾಸನೆ ಸೋಪು ಹಾಕಿದರೂ ಬೇಗ ಹೋಗುವುದಿಲ್ಲ. ಇನ್ನೊಂದು ಮಾತು, ಆ ಉಂಡೆ ಒಂದು ಹೂವಲ್ಲ. ಸೇವಂತಿಗೆ ಕುಟುಂಬದ್ದು. ಉಂಡೆಯನ್ನು ಒಡೆದರೆ ಒಳಗೆ ರಾಶಿ ಚಿಕ್ಕ ಚಿಕ್ಕ ಹೂ.

ನೆಲ ನೋಡಬೇಡಿ ಅಂತ ಮರದಡಿಯವರು ಹೇಳಿದ್ದು ಕೆರೆ ಅಂಗಳಕ್ಕೆ ನಡೆಯುವುದಿಲ್ಲ. ನಮ್ಮ ಸೀಮೆಯಲ್ಲಿ ವಸಂತದ ನೆಲದ ಹೂ ಬೇಕಾದರೆ ಇದೊಂದೇ ಜಾಗ. ನೀರು ಹಿಂದೆ ಸರಿದ ಹಾಗೆ ಹಸಿ ಕೆಸರು ಹೊರಗೆ ಬರುತ್ತದೆ, ಅಲ್ಲಿ ಹೊಸ ಮೊಳಕೆ. ಹಾಗಾಗಿ ಏರಿಯ ಎದುರು ದಡದಿಂದ ನೀರಿನ ಕಡೆಗೆ ನಡೆದರೆ ಮೊದಲು ಬೀಜ ಕಟ್ಟಿದ ಗಿಡ, ಆಮೇಲೆ ಹೂವಿನದು, ನೀರಿನ ಅಂಚಿಗೆ ಎಲೆ ಮಾತ್ರ ಇರುವ ಮರಿ. ಒಂದೇ ಗಿಡದ ಮೂರು ವಯಸ್ಸು ಒಂದೇ ಬೆಳಗ್ಗೆ ಸಿಗುತ್ತದೆ. ಬೇರೆ ಎಲ್ಲೂ ಇಷ್ಟು ಸುಲಭ ಇಲ್ಲ.

ಪಕ್ಕದಲ್ಲಿ ಇನ್ನೂ ಮೂರು ಹುಡುಕಿ. ನೆಲಕ್ಕೆ ಅಂಟಿ ಹರಡುವ, ಗಂಟುಗಂಟಿಗೆ ಬೇರು ಬಿಡುವ ಗಿಡದಲ್ಲಿ ಲಂಟಾನದ ಪುಟ್ಟ ಗೊಂಚಲಿಗೆ ಹೋಲುವ ಬಿಳಿ ಹೂ ಇದ್ದರೆ ಫೈಲಾ ನೋಡಿಫ್ಲೋರ. ಎಲೆಯ ಅಂಚಿನ ಹಲ್ಲು ಮೇಲಿನ ಅರ್ಧಕ್ಕೆ ಮಾತ್ರ ಇರುತ್ತದೆ. ಹಳದಿ ಗುಂಡಿ, ಸುತ್ತ ಎಸಳಿಲ್ಲ ಅಂದರೆ ಗ್ರಾಂಜಿಯಾ. ನೆಲಕ್ಕೆ ಚಾಪೆ ಹಾಸಿದಷ್ಟು ಚಪ್ಪಟೆ, ಸುಕ್ಕು ಎಲೆ, ಹೂ ಬಗ್ಗಿ ನೋಡಿದರೆ ಮಾತ್ರ ಕಾಣುವಷ್ಟು ಚಿಕ್ಕದು ಅಂದರೆ ಕೊಲ್ಡೇನಿಯ. ಕೆರೆ ಅಂಚಿನಲ್ಲಿ ಆಳೆತ್ತರ ನಿಂತು ನಸುಗುಲಾಬಿ ದೊಡ್ಡ ಹೂ ಬಿಡುವುದು ಅಮೆರಿಕ ಕಡೆಯಿಂದ ಬಂದ ಐಪೋಮಿಯ. ಅದನ್ನು ಕುರಿಯೂ ತಿನ್ನಬಾರದು.

ಕೆಸರು ಮೇಲೆ ಒಣಗಿ ಕಂಡರೂ ಒಳಗೆ ಹಸಿ ಇರುತ್ತದೆ. ಕುರಿ ಹೆಜ್ಜೆ ಇರುವ ಕಡೆ ಮಾತ್ರ ಕಾಲಿಡಿ.

---

ಬೇಲಿಸಾಲು ಉತ್ತರ:

ಎಲ್ಲರಿಗೂ ವಂದನೆ. ಈ ತಿಂಗಳ ಸುತ್ತು ಮುಗಿಸಿ ಬರೆಯುತ್ತಿದ್ದೇನೆ.

ಮುತ್ತುಗದ ಹೂ ಬಿಡಿಸಿ ನೋಡಿದೆ, ಗಾಡಿ ಸೀಟಿನ ಮೇಲಿಟ್ಟುಕೊಂಡು. ಹತ್ತನೇ ಕೇಸರ ಒಂಟಿಯಾಗಿ ಸಿಕ್ಕಿತು. ಕೊಕ್ಕಿನ ಒಳಗೆ ಮಕರಂದ ಇಷ್ಟು ಇರುತ್ತದೆ ಅಂತ ಗೊತ್ತಿರಲಿಲ್ಲ, ಬೆರಳು ಅಂಟಂಟು. ಇರುವೆ ಆಗಲೇ ಒಳಗೆ ಸೇರಿಕೊಂಡಿತ್ತು. ಮರದ ಕೆಳಗೆ ಬಿದ್ದಿದ್ದ ಹೂಗಳನ್ನು ನೋಡಿದರೆ ಅರ್ಧಕ್ಕರ್ಧ ಬಟ್ಟಲಿನ ಹತ್ತಿರ ಹರಿದಿವೆ. ಮೇಲೆ ನೋಡಿದರೆ ಗಿಣಿಗಳು ಹೂ ಕಿತ್ತು ಬುಡ ಕಚ್ಚಿ ಎಸೆಯುತ್ತಿದ್ದವು. ಪರಾಗಸ್ಪರ್ಶ ಅದಕ್ಕೆ ಬೇಕಿಲ್ಲ, ಸುಮ್ನೆ ದೋಚೋದು.

ಹಾಲುವಾಣದ ಮುಳ್ಳು ಕೈಗೆ ಚುಚ್ಚಿಯೇ ಖಾತ್ರಿ ಆಯಿತು. ಹಾಲೆ ಹೂವಿನ ಕುಚ್ಚು ಮೊಬೈಲ್ ಕ್ಯಾಮೆರಾದಲ್ಲಿ ಸರಿಯಾಗಿ ಬರಲಿಲ್ಲ. ನಮ್ಮ ಊರಿನ ಕನ್ನಡಕದಂಗಡಿಯವರು ಒಂದು ಭೂತಗನ್ನಡಿ ಕೊಟ್ಟರು, ಅದನ್ನು ಕ್ಯಾಮೆರಾ ಮುಂದೆ ಹಿಡಿದರೆ ಒಂದೊಂದು ಎಳೆಯೂ ಕಾಣುತ್ತದೆ. ದುಡ್ಡು ಕೊಟ್ಟು ಲೆನ್ಸ್ ತಗೊಳ್ಳುವ ಯೋಚನೆ ಇರುವವರು ಮೊದಲು ಇದನ್ನು ಪ್ರಯತ್ನಿಸಿ.

ಮುಂಡಿಯ ರೆಕ್ಕೆ ಸವರಿದೆ. ವಾಸನೆ ಬಗ್ಗೆ ಕೆರೆಕೋಡಿಯವರು ಹೇಳಿದ್ದು ನೂರಕ್ಕೆ ನೂರು. ಮಧ್ಯಾಹ್ನ ಮುದ್ದೆ ತಿನ್ನುವಾಗಲೂ ಕೈಯಲ್ಲಿತ್ತು.

ಒಂದು ಬೇಜಾರಿನ ಸಂಗತಿ. ಮಳೆಗೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಯುವ ಕೆಲಸ ನಮ್ಮಲ್ಲಿ ಮಾರ್ಚ್ ಏಪ್ರಿಲ್‌ನಲ್ಲೇ ನಡೆಯುತ್ತದೆ. ಬದುವಿನ ಮುತ್ತುಗದ ಒಂದು ಕಡೆಯ ಕೊಂಬೆಗಳು ಹೂ ಸಮೇತ ಹೋದವು. ಕಡಿಯಲೇಬೇಕು, ಗಾಳಿಗೆ ತಂತಿ ಹರಿದರೆ ಜೀವಕ್ಕೆ ಅಪಾಯ, ಅದನ್ನು ನಾನೇ ಬಲ್ಲೆ. ಆದರೆ ಅದೇ ಕೆಲಸ ಜನವರಿಯಲ್ಲಿ ಮಾಡಿದರೆ ಮರಕ್ಕೂ ನಷ್ಟ ಕಮ್ಮಿ ಅಲ್ವಾ? ಲೈನ್‌ಮನ್ ಗೆಳೆಯನಿಗೆ ಹೇಳಿದ್ದೇನೆ. ಮುಂದಿನ ವರ್ಷ ನೋಡೋಣ ಅಂದಿದ್ದಾನೆ.

ಇನ್ನೊಂದು ಪ್ರಶ್ನೆ, ಕೊನೆಯದು. ಬಗರ್‌ಹುಕುಂ ಜಮೀನಿನ ಪಕ್ಕದ ಗಟ್ಟಿ ಕೆಂಪು ನೆಲದಲ್ಲಿ, ಸುತ್ತ ಒಂದು ಹುಲ್ಲೂ ಇಲ್ಲದ ಕಡೆ, ಮೊಳದುದ್ದದ ಒಂಟಿ ದಂಟು ಎದ್ದಿದೆ. ಬುಡದಲ್ಲಿ ಎಲೆ ಇಲ್ಲ. ದಂಟಿನ ಮೇಲೆ ದೂರದೂರಕ್ಕೆ ಸಣ್ಣ ಹೂ, ಮಾಸಲು ಬಿಳಿ, ಪ್ರತಿ ಎಸಳಿನ ನಡುವೆ ಹಸಿರು ಮಿಶ್ರಿತ ಕಂದು ಗೀರು. ಎಸಳು ಆರು. ನೀವು ಹೇಳಿದ ಹಾಗೆ ಬೆನ್ನಿನ ಫೋಟೋನೂ ಹಾಕಿದ್ದೇನೆ. ಎಲೆಯ ಫೋಟೋ ಕೇಳಬೇಡಿ, ಎಲೆಯೇ ಇಲ್ಲ.

---

ಮರದಡಿ ಉತ್ತರ:

ಆರು ಎಸಳು ಅಂತ ಎಣಿಸಿದ್ದು ಒಳ್ಳೆಯದಾಯಿತು. ಮೂರು ಅಥವಾ ಆರರ ಲೆಕ್ಕ ಬಂದರೆ ಗೆಡ್ಡೆ ಗಿಡಗಳ ಕಡೆ ಹುಡುಕಬೇಕು. ಐದರ ಲೆಕ್ಕ ನಿಮ್ಮ ಹಿಂದಿನ ಹೂಗಳದ್ದು.

ಇದು ಕಾಡು ಈರುಳ್ಳಿ, ಡ್ರಿಮಿಯ ಇಂಡಿಕ ಅಂತ ನನ್ನ ಅಂದಾಜು. ಮಳೆಗೆ ಮುಂಚೆ ಹೂ, ಮಳೆ ಬಂದ ಮೇಲೆ ಎಲೆ. ಹೋದ ವರ್ಷದ ಮಳೆಯಲ್ಲಿ ಎಲೆ ಕೂಡಿಟ್ಟದ್ದು ಗೆಡ್ಡೆಯಲ್ಲಿದೆ, ಅದರ ಖರ್ಚಿನಲ್ಲಿ ಈ ದಂಟು ಎದ್ದಿದೆ. ಗೆಡ್ಡೆ ನೋಡಿ ಖಾತ್ರಿ ಮಾಡಿಕೊಳ್ಳೋಣ ಅಂತ ಅಗೆಯಬೇಡಿ. ಅದು ವಿಷ, ಹೃದಯಕ್ಕೆ ತೊಂದರೆ ಕೊಡುವ ರಾಸಾಯನಿಕ ಅದರಲ್ಲಿದೆ. ಅಗೆದರೆ ಗಿಡವೂ ಹೋಗುತ್ತದೆ. ಪಕ್ಕದಲ್ಲಿ ಒಂದು ಕಲ್ಲಿಟ್ಟು ಗುರುತು ಮಾಡಿ. ಮುಂಗಾರು ಬಿದ್ದ ಮೇಲೆ ಅದೇ ಜಾಗದಲ್ಲಿ ಉದ್ದ ಪಟ್ಟಿಯಂಥ ಎಲೆಗಳು ಬುಡದಿಂದಲೇ ಎದ್ದಿದ್ದರೆ ನನ್ನ ಅಂದಾಜು ಸರಿ.

ನಿಮ್ಮ ಕೆಲಸದಲ್ಲಿ ಒಂದು ಅನುಕೂಲ ಇದೆ, ಅದು ನಮಗ್ಯಾರಿಗೂ ಇಲ್ಲ. ಪ್ರತಿ ತಿಂಗಳು ಅದೇ ಮರದ ಮುಂದೆ ಹೋಗುತ್ತೀರಿ. ರೀಡಿಂಗ್ ಬರೆಯುವ ಹಾಗೆ ಇದನ್ನೂ ಬರೆಯಿರಿ: ಮೊಗ್ಗು, ಹೂ, ಕಾಯಿ, ಚಿಗುರು, ಪ್ರತಿಯೊಂದಕ್ಕೂ ಇಲ್ಲ, ಸ್ವಲ್ಪ, ಜಾಸ್ತಿ. ಸೀಸನ್‌ವಾಚ್ ಅಂತ ದೇಶದ ಜನ ಸೇರಿ ಮರಗಳ ಈ ಲೆಕ್ಕ ಇಡುವ ಯೋಜನೆ ಇದೆ, ಅವರು ವಾರಕ್ಕೊಮ್ಮೆ ನೋಡಿ ಅಂತಾರೆ. ಮನೆ ಹತ್ತಿರದ ಹೊಂಗೆ, ಬೇವು ಆರಿಸಿಕೊಂಡರೆ ಅದಕ್ಕೂ ಸೇರಬಹುದು. ಎರಡೂ ಈಗ ಹೂವಿನಲ್ಲಿವೆ. ಕಕ್ಕೆ ಮರ ಎಲ್ಲಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ. ಉದ್ದ ಕೋಲಿನಂಥ ಕಪ್ಪು ಕಾಯಿ ತೂಗುತ್ತಿರುತ್ತದೆ, ಅದರಿಂದ ಹೂ ಬರುವ ಮುಂಚೆಯೇ ಗುರುತು ಸಿಗುತ್ತದೆ. ಮುಂದಿನ ಸುತ್ತಿಗೆ ಅದು ಹಳದಿ ಆಗಿರಬೇಕು.

ಕಾಡು ಈರುಳ್ಳಿಯ ಎಲೆ ಬಂದಾಗ ಇದೇ ಪ್ರಶ್ನೆಯ ಕೆಳಗೆ ಫೋಟೋ ಹಾಕಿ. ಹೊಸದಾಗಿ ಕೇಳಿದರೆ ಈ ದಂಟಿನ ಫೋಟೋ ಜೊತೆ ಹೋಲಿಸೋಕೆ ಆಗುವುದಿಲ್ಲ.